ಎಂಟು ವರ್ಷದ ಮಗನನ್ನು ಪಾಶ್ಚಾತ್ಯ ಸಂಗೀತದ ಆರ್ಕೆಸ್ಟ್ರಾ ಕಛೇರಿಗೆ ಕರೆದುಕೊಂಡು ಹೋಗಬಹುದಾ?

ಖಂಡಿತ ಕರೆದುಕೊಂಡು ಹೋಗಿ. "ನಮ್ಮ ಸಂಗೀತವೇ ಇನ್ನೂ ತಲೆಗೆ ಹತ್ತಿಲ್ಲ, ಅವರದ್ದು ಯಾಕೆ" ಅಂತ ನಿಮ್ಮ ಅತ್ತೆಯವರು ಅಂದರು ಅಂತ ಬರೆದಿದ್ದೀರಿ. ನಮ್ಮ ಮನೆಯಲ್ಲೂ ಇದೇ ಮಾತು ಬಂದಿತ್ತು. ಜಯಚಾಮರಾಜ ಒಡೆಯರು ಕರ್ನಾಟಕ ಸಂಗೀತದ 94 ಕೃತಿಗಳನ್ನು ರಚಿಸಿದವರು. 1948ರಲ್ಲಿ ಪಾಶ್ಚಾತ್ಯ ಸಂಗೀತ ನಡೆಸುವ ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಮೊದಲ ಅಧ್ಯಕ್ಷರೂ ಅವರೇ. ಮೈಸೂರಿನ ಅರಮನೆಯಲ್ಲಿ ಎರಡಕ್ಕೂ ಜಾಗ ಇತ್ತು, ನಮ್ಮ ಎರಡು ಬೆಡ್‌ರೂಮ್ ಫ್ಲ್ಯಾಟಿನಲ್ಲೂ ಇರಬಹುದು ಅಂದೆ. ಅಮ್ಮ ಶಾಲು ಹೊದ್ದುಕೊಂಡು ನಮ್ಮ ಜೊತೆಗೇ ಹೊರಟರು.

ಅವತ್ತು ಕೊನೆಗೆ ಹೈಡನ್‌ನ 45ನೇ ಸಿಂಫನಿ ಇತ್ತು. ಹೈಡನ್ ಯುರೋಪಿನ ವಾಗ್ಗೇಯಕಾರ, ಸಿಂಫನಿ ಅಂದರೆ ಇಡೀ ಆರ್ಕೆಸ್ಟ್ರಾ ನುಡಿಸುವ, ಹಲವು ಭಾಗಗಳ ದೊಡ್ಡ ರಚನೆ. 1772ರದ್ದು, 'ವಿದಾಯ' ಅಂತ ಹೆಸರು. ಅದರ ಕಥೆಯನ್ನು ಹೋಗುವ ದಾರಿಯಲ್ಲೇ ಮಗಳಿಗೆ ಹೇಳಿದ್ದೆ. ಈಗಿನ ಹಂಗೇರಿಯ ಎಸ್ಟರ್‌ಹಾಜಾದಲ್ಲಿ ಹೈಡನ್ ಕೆಲಸಕ್ಕಿದ್ದ ರಾಜಕುಮಾರ ನಿಕೊಲಾಸನ ಬೇಸಿಗೆ ಅರಮನೆ. ವಾದ್ಯಗಾರರ ಹೆಂಡತಿ ಮಕ್ಕಳು ದೂರದ ಐಸೆನ್‌ಸ್ಟಾಟ್‌ನಲ್ಲಿ. ಬೇಸಿಗೆ ಮುಗಿದರೂ ದೊರೆ ಹೊರಡುವ ಮಾತೇ ಎತ್ತಲಿಲ್ಲ. ಬಾಯಿಬಿಟ್ಟು ಕೇಳುವ ಹಾಗಿಲ್ಲ. ಹೈಡನ್ ಸಂಗೀತದಲ್ಲೇ ಕೇಳಿದ.

ಮಗಳು ಕರ್ನಾಟಕ ಸಂಗೀತದ ಪಿಟೀಲು ಕಲಿಯುತ್ತಾಳೆ. "ತಂಬೂರಿ ಇಲ್ವಲ್ಲ, ಶ್ರುತಿ ಯಾರು ಕೊಡ್ತಾರೆ?" ಅಂದಳು. ಓಬೋ ಅನ್ನುವ ಊದುವ ವಾದ್ಯ ಒಂದೇ ಸ್ವರ ಹಿಡಿದಾಗ ಎಲ್ಲರೂ ಅದಕ್ಕೆ ತಂತಿ ಸೇರಿಸಿದರು, ತೋರಿಸಿದೆ. ಅವಳ ವಾದ್ಯವೂ ಯುರೋಪಿನಿಂದಲೇ ಬಂದದ್ದು. ಈ ಸಿಂಫನಿಯಾದ 14 ವರ್ಷಕ್ಕೆ ಹುಟ್ಟಿದ ಬಾಲುಸ್ವಾಮಿ ದೀಕ್ಷಿತರು ಮದರಾಸಿನಲ್ಲಿ ಯುರೋಪಿನವರೊಬ್ಬರಿಂದ ಪಿಟೀಲು ಕಲಿತು ನಮ್ಮ ಕಛೇರಿಗೆ ತಂದರು. ಆರ್ಕೆಸ್ಟ್ರಾದವರು ಗಲ್ಲದ ಕೆಳಗೆ ಹಿಡಿಯುತ್ತಾರೆ, ನಾವು ಕೂತು ಪಾದದ ಮೇಲೆ ಊರುತ್ತೇವೆ, ಅಷ್ಟೇ.

ಮೊದಲ ಮೂರು ಭಾಗಗಳಲ್ಲಿ ಎರಡು ಸಲ ಆಕಳಿಸಿದಳು, ನಿಜ ಹೇಳುತ್ತೇನೆ. ಕೊನೆಯ ಭಾಗ ಬಿರುಸಾಗಿ ಓಡಿ, ಥಟ್ಟನೆ ನಿಂತು, ನಿಧಾನಕ್ಕೆ ತಿರುಗಿತು. ದೀಪ ತಗ್ಗಿಸಿದರು. ಮೊದಲು ಒಂದು ಓಬೋ, ಒಂದು ಹಾರ್ನ್, ಅಂದರೆ ಹಿತ್ತಾಳೆಯ ಕೊಂಬು. ತಮ್ಮ ಪಾಲು ಮುಗಿಸಿ, ಸ್ಟ್ಯಾಂಡಿನ ಪುಟ್ಟ ದೀಪ ಆರಿಸಿ ಎದ್ದು ಹೋದರು. ಆಮೇಲೆ ಬಸೂನ್, ಅದೂ ಊದುವ ವಾದ್ಯವೇ. ಡಬಲ್ ಬೇಸ್ ಅನ್ನುವ ಆಳೆತ್ತರದ ತಂತಿವಾದ್ಯದವರು ತಾವೊಬ್ಬರೇ ನುಡಿಸುವ ಸಾಲು ಮುಗಿಸಿ ಹೋಗುವಾಗ ಮರದ ನೆಲದ ಮೇಲೆ ಬೂಟಿನ ಸದ್ದು ಕೇಳುತ್ತಿತ್ತು. ಮಗಳು ನನ್ನ ತೋಳು ಹಿಡಿದುಕೊಂಡು ಬೆರಳಲ್ಲಿ ದೀಪ ಎಣಿಸುತ್ತಿದ್ದಳು. ಕೊನೆಗೆ ಉಳಿದದ್ದು ಎರಡೇ ಪಿಟೀಲು, ಉಸಿರಿನಷ್ಟು ಸಣ್ಣ ದನಿ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಮೂರು ವರ್ಷದಿಂದ ಊರಿಗೆ ಹೋಗದ ನನಗೂ ಗಂಟಲು ಕಟ್ಟಿತ್ತು.

"ಆಮೇಲೆ ಅವರನ್ನು ಮನೆಗೆ ಕಳಿಸಿದ್ರಾ?" ಅಂತ ಕಾರಿನಲ್ಲಿ ಕೇಳಿದಳು. ಮಾರನೆಯ ದಿನವೇ ಹೊರಟರಂತೆ ಅಂದೆ. ಮನೆ ತಲುಪುವವರೆಗೂ ಅದರದ್ದೇ ಮಾತು.

ನಿಮ್ಮ ಮಗನಿಗೂ ಹೊರಡುವ ಮುಂಚೆ ಕಥೆ ಹೇಳಿ. ಮಧ್ಯಾಹ್ನದ ಕಛೇರಿ, ವಾದ್ಯಗಾರರ ಕೈ ಕಾಣುವ ಸೀಟು ಹುಡುಕಿ. ಭಾಗಗಳ ನಡುವೆ ಈಗ ಚಪ್ಪಾಳೆ ಹೊಡೆಯುವುದಿಲ್ಲ. ಅವನು ಹೊಡೆದರೆ ಗದರಬೇಡಿ, ಹೈಡನ್ ಕಾಲದವರು ಹೊಡೆಯುತ್ತಿದ್ದರು. ಕುರುಕಲು ತಿಂಡಿ ಇಂಟರ್ವಲ್‌ಗೆ ಇರಲಿ, ಪೊಟ್ಟಣದ ಸದ್ದು ಹಾಲಿಗೆಲ್ಲ ಕೇಳುತ್ತದೆ.