ಪದಚರ್ಚೆ: ‘ಇಂಪ್ರಿಂಟಿಂಗ್’ಗೆ ‘ಅಚ್ಚು’ ಒಪ್ಪುತ್ತದೆಯೇ?

ಬಲ್ಲವರಿಗೆಲ್ಲ ಶಿರಸಿಯಿಂದ ನಮಸ್ಕಾರ.

ನಮ್ಮ ಹೈಸ್ಕೂಲಿನ ಗೋಡೆಪತ್ರಿಕೆಗೆ ಇಲಿಗಳ ಆನುವಂಶಿಕತೆ ಬಗ್ಗೆ ಒಂದು ಪುಟ ಬರೆಯಲು ಹೋಗಿ ‘ಜೀನೋಮಿಕ್ ಇಂಪ್ರಿಂಟಿಂಗ್’ ಹತ್ತಿರ ಸಿಕ್ಕಿಬಿದ್ದಿದ್ದೇನೆ. ಒಂದು ಜೀನ್ ಕೆಲಸ ಮಾಡುತ್ತದೋ ಇಲ್ಲವೋ ಎಂಬುದು ಅದು ಅಪ್ಪನಿಂದ ಬಂತೋ ಅಮ್ಮನಿಂದ ಬಂತೋ ಎಂಬುದರ ಮೇಲೆ ನಿಲ್ಲುವುದಕ್ಕೆ ಈ ಹೆಸರು. ಮೊದಲು ‘ಅಚ್ಚು’ ಎಂದು ಬರೆದೆ. ಓದಿದ ಹುಡುಗಿ, “ಅಪ್ಪನ ಪಡಿಯಚ್ಚು ಅಂತಾರಲ್ಲ ಸರ್, ಅದೇನಾ?” ಅಂದಳು. ಅಲ್ಲಿಗೆ ಆ ಪದ ಕೆಟ್ಟಿತು. ಇಲ್ಲಿ ಹೋಲಿಕೆಯ ಮಾತೇ ಇಲ್ಲ.

ಐಜಿಎಫ್-2 ಎಂಬ ಪ್ರೋಟೀನ್ ಭ್ರೂಣದ ಬೆಳವಣಿಗೆಗೆ ಬೇಕು. ಅದರ ಜೀನ್ ಇಲಿಮರಿಗೆ ಅಪ್ಪನಿಂದೊಂದು, ಅಮ್ಮನಿಂದೊಂದು ಬಂದರೂ ಬಹುತೇಕ ಅಂಗಾಂಶಗಳಲ್ಲಿ ಕೆಲಸ ಮಾಡುವುದು ಅಪ್ಪನ ಪ್ರತಿ ಮಾತ್ರ. ಅಮ್ಮನದು ಬಾಯಿ ಮುಚ್ಚಿಕೊಂಡಿರುತ್ತದೆ. 1991ರಲ್ಲಿ ಇದನ್ನು ತೋರಿಸಿದರು: ಕೆಡಿಸಿದ ಜೀನ್ ಅಪ್ಪನಿಂದ ಬಂದರೆ ಮರಿ ಮಾಮೂಲಿ ತೂಕದ ನೂರಕ್ಕೆ 60ರಷ್ಟೇ, ಅಮ್ಮನಿಂದ ಬಂದರೆ ಏನೂ ವ್ಯತ್ಯಾಸವಿಲ್ಲ. ಜೀನಿನ ಅಕ್ಷರ ಬದಲಾಗುವುದಿಲ್ಲ, ಅದರ ಮೇಲೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಕೂರುತ್ತದೆ, ಅಷ್ಟೆ.

ಮಂಡಿಗೆ ಹೋಗುವ ಅಡಿಕೆ ಚೀಲದ ಮೇಲೆ ಬಣ್ಣದಲ್ಲಿ ಮನೆಯ ಹೆಸರು ಬರೆದಂತೆ ಇದು. ಚೀಲ ಬೇರೆಯವರ ಕೈಗೆ ಹೋದರೆ ಹಳೆ ಹೆಸರು ಹೊಡೆದು ಹೊಸದು ಬರೆಯುತ್ತಾರೆ. ಗಂಡಿಲಿಯೂ ತನ್ನ ಅಮ್ಮನಿಂದ ಪಡೆದ ಪ್ರತಿಯನ್ನು ಮರಿಗೆ ದಾಟಿಸುವ ಹೊತ್ತಿಗೆ ಅಮ್ಮನ ಗುರುತು ಅಳಿದು ಅಪ್ಪನ ಗುರುತು ಬಿದ್ದಿರುತ್ತದೆ. ‘ಅಚ್ಚು’, ‘ಮುದ್ರೆ’ ಎರಡೂ ಒಮ್ಮೆ ಬಿದ್ದರೆ ಹೋಗದವು. ಅದಕ್ಕೇ ‘ಗುರುತು’ ವಾಸಿ ಅನಿಸುತ್ತದೆ. ಅಪ್ಪನ ಕಡೆ, ಅಮ್ಮನ ಕಡೆ ಅನ್ನುತ್ತೇವಲ್ಲ ಎಂದು ‘ಕಡೆಗುರುತು’ ಕಟ್ಟಿ ನೋಡಿದೆ. ಕೊನೆಯ ಗುರುತು ಎಂದೂ ಓದಬಹುದು, ಬಿಟ್ಟೆ. ಸದ್ಯಕ್ಕೆ ‘ಹೆತ್ತವರ ಗುರುತು’, ಬಿಡಿಸಿ ಹೇಳುವಾಗ ‘ಅಪ್ಪಗುರುತು’, ‘ಅಮ್ಮಗುರುತು’. ಕಿವಿಗೆ ಹೇಗಿದೆ?

ಇನ್ನೊಂದು. ಎರಡು ತಳಿಗಳಲ್ಲಿ ಅಪ್ಪ-ಅಮ್ಮನನ್ನು ತಿರುವುಮುರುವು ಮಾಡಿ ಮರಿ ಹಾಕಿಸಿ, ಪ್ರೋಟೀನಿನ ಪ್ರಮಾಣ ಅಳೆಯುವ ಕ್ರಮವಿದೆ. ಹೀಗೆ ಮರಿ ಹಾಕಿಸುವುದಕ್ಕೆ ಇಂಗ್ಲಿಷಿನಲ್ಲಿ ‘ರೆಸಿಪ್ರೊಕಲ್ ಕ್ರಾಸ್’ ಅನ್ನುತ್ತಾರೆ. ‘ವ್ಯುತ್ಕ್ರಮ’ ಅಂದರೆ ಗಣಿತದ ಪುಸ್ತಕ ನೆನಪಾಗುತ್ತದೆ. ‘ಅನುಲೋಮ-ಪ್ರತಿಲೋಮ’ಕ್ಕೆ ಜಾತಿಯ ವಾಸನೆ, ಇಲಿಗಳಿಗಾದರೂ ಅದು ಬೇಡ. ‘ಅದಲುಬದಲು ಸಂಕರ’ ಎಂದಿಟ್ಟಿದ್ದೇನೆ.

ಆದರೆ ಹಾಗೆ ಕಂಡ ವ್ಯತ್ಯಾಸವೆಲ್ಲ ಗುರುತಿನಿಂದಲೇ ಬಂದದ್ದಲ್ಲ. ಅಮ್ಮನ ಗರ್ಭ, ಹಾಲು ಇವುಗಳಿಂದಲೂ ಬರಬಹುದು. ಅದಕ್ಕೆ ‘ತಾಯಿಪ್ರಭಾವ’ ಎಂದರೆ ಮಕ್ಕಳು ಅಮ್ಮಗುರುತಿನ ಜೊತೆ ಕಲಸಿಬಿಡುತ್ತಾರೆ. ‘ಮಡಿಲಪ್ರಭಾವ’ ಎನ್ನಲೇ, ಅಥವಾ ತೀರಾ ಕವಿತೆಯಾಯಿತೇ?