‘ಹತ್ತು ಗಂಟೆ ಹೂ’ ಮತ್ತು ‘ನೆಲಹೊದಿಕೆ’: ಎರಡು ಪದಗಳ ಬಗ್ಗೆ

ಮಾನ್ಯರೇ,

ನಮ್ಮ ಬಡಾವಣೆಯ ಉದ್ಯಾನದಲ್ಲಿ ದಿನವಿಡೀ ಬಿಸಿಲು ಬೀಳುವ ಅಂಚಿನುದ್ದಕ್ಕೂ ಪೋರ್ಚುಲಾಕಾ ಗ್ರಾಂಡಿಫ್ಲೋರಾ ಎಂಬ ಹೂಗಿಡ ನೆಟ್ಟಿದ್ದಾರೆ. ಅದನ್ನು ಬೆಳೆಸುವ ಕ್ರಮ ತಿಳಿಸುವ ಒಂದು ಪುಟದ ಕನ್ನಡ ಬರಹ ಸಿದ್ಧಪಡಿಸುವ ಕೆಲಸ ನನ್ನ ಪಾಲಿಗೆ ಬಂದಿದೆ. ಬೆಳೆಸುವುದರಲ್ಲಿ ತೊಡಕಿಲ್ಲ. ಮರಳು ಬೆರೆತ, ನೀರು ನಿಲ್ಲದ ಮಣ್ಣಿಗೆ ಬೆರಳುದ್ದದ ತುಂಡುಗಳನ್ನು ಚುಚ್ಚಿದರೆ ಬೇರು ಬಿಡುತ್ತವೆ. ನೀರು ಕಡಿಮೆಯಾದರೆ ತಾಳಿಕೊಳ್ಳುವ ಗಿಡ, ಹೆಚ್ಚಾದರೆ ಬುಡದಿಂದ ಕೊಳೆಯುತ್ತದೆ. ತೊಡಕಿರುವುದು ಪದಗಳಲ್ಲಿ.

ನರ್ಸರಿಯವರು ಇದನ್ನು ‘ಟೇಬಲ್ ರೋಸ್’ ಎನ್ನುತ್ತಾರೆ, ಆದರೆ ಗುಲಾಬಿಯ ಕುಟುಂಬಕ್ಕೂ ಇದಕ್ಕೂ ನಂಟಿಲ್ಲ. ‘ಹತ್ತು ಗಂಟೆ ಹೂ’ ಎಂಬ ಹೆಸರೂ ಬಳಕೆಯಲ್ಲಿದೆ. ಮಲಯಾಳದವರ ‘ಪತ್ತುಮಣಿ’, ಮರಾಠಿಗರ ‘ಆಫೀಸ್ ಟೈಮ್’ ಇದೇ ಜಾಡಿನವು. ಹೆಸರು ಸೊಗಸಾಗಿದ್ದರೂ, ಈ ಹೂ ಗಡಿಯಾರ ನೋಡಿ ಅರಳುವುದಲ್ಲ, ಬಿಸಿಲು ನೋಡಿ ಅರಳುವುದು. ಮೋಡ ಕವಿದ ದಿನ ಹತ್ತು ಹೊಡೆದರೂ ಮೊಗ್ಗು ಮುದುಡಿಕೊಂಡೇ ಇರುತ್ತದೆ. ಅಮೆರಿಕ ಖಂಡದಿಂದ ಬಂದ ಇನ್ನೊಂದು ಗಿಡಕ್ಕೆ ಇಂಗ್ಲಿಷಿನವರು ‘ನಾಲ್ಕು ಗಂಟೆ’ಯ ಹೆಸರಿಟ್ಟರೆ, ನಮ್ಮವರು ಗಂಟೆಯ ಗೊಡವೆಗೇ ಹೋಗದೆ ‘ಸಂಜೆಮಲ್ಲಿಗೆ’ ಎಂದರು. ಮಲ್ಲಿಗೆಯ ಕುಲಕ್ಕೆ ಸೇರದಿದ್ದರೂ ಆ ಹೆಸರು ನಿಂತಿದೆ ಎಂಬುದನ್ನು, ಮೇಲೆ ಗುಲಾಬಿಯ ಬಗ್ಗೆ ಆಕ್ಷೇಪವೆತ್ತಿದ ನಾನೇ ಒಪ್ಪಬೇಕಾಗುತ್ತದೆ.

1829ರಲ್ಲಿ ಸಸ್ಯವಿಜ್ಞಾನಿ ಹೂಕರ್ ಹೆಸರಿಸಿದ ಈ ದಕ್ಷಿಣ ಅಮೆರಿಕದ ಗಿಡ, ನಮ್ಮ ಹೊಲದ ಬದುಗಳಲ್ಲಿ ತಾನಾಗಿಯೇ ಹಬ್ಬುವ ಗೋಣಿ ಸೊಪ್ಪಿನ ಹತ್ತಿರದ ಬಂಧು. ಎರಡರ ಕಾಯಿಯೂ ಕರಡಿಗೆಯಂತೆ ಅಡ್ಡಲಾಗಿ ಬಿರಿದು, ಮೇಲಿನ ಮುಚ್ಚಳ ಕಳಚಿಕೊಂಡು, ಸಾಸಿವೆಗಿಂತ ಸಣ್ಣ ಬೀಜಗಳನ್ನು ಉದುರಿಸುತ್ತದೆ. ‘ಪೋರ್ಚುಲಾಕಾ’ ಎಂಬುದಕ್ಕೂ ‘ಪುಟ್ಟ ಬಾಗಿಲು’ ಎಂಬರ್ಥದ ಲ್ಯಾಟಿನ್ ಪದವನ್ನೇ ಮೂಲವಾಗಿ ಹೇಳುತ್ತಾರೆ. ಆದ್ದರಿಂದ ‘ಹೂಗೋಣಿ’ ಎಂದು ಕರೆದರೆ ಹೇಗೆ ಎಂಬುದು ನನ್ನ ಪ್ರಶ್ನೆ. ‘ಗೋಣಿ’ ಎಂದೊಡನೆ ಕೆಲವರಿಗೆ ಚೀಲ ನೆನಪಾದೀತು, ಇನ್ನು ಕೆಲವರು ಸಾರಿಗೆಂದು ಕೊಯ್ದುಕೊಂಡು ಹೋದಾರು ಎಂಬ ಅಳುಕೂ ಇದೆ.

ಎರಡನೆಯದು ‘ನೆಲಹೊದಿಕೆ’. ನೆಲ ಮುಚ್ಚುವಂತೆ ಹಬ್ಬುವ ಗಿಡಕ್ಕೆ ಈ ಪದವನ್ನು ಬರೆದು ನೆರೆಯವರಿಗೆ ಓದಲು ಕೊಟ್ಟಾಗ, ಕೃಷಿಯ ಹಿನ್ನೆಲೆಯುಳ್ಳ ಒಬ್ಬರು ಅದನ್ನು ತರಗೆಲೆ, ಹುಲ್ಲು ಹರಡುವ ಹೊದಿಕೆಯೆಂದೇ ತಿಳಿದರು. ತಪ್ಪು ಅವರದಲ್ಲ, ಬೇಸಾಯದಲ್ಲಿ ಆ ಮಾತಿಗೆ ಅದೇ ಅರ್ಥ. ‘ನೆಲಹಬ್ಬು’ ಎಂದರೆ ಜೀವವಿರುವ ಗಿಡವೆಂಬುದು ತಾನಾಗಿ ಸ್ಪಷ್ಟವಾಗುತ್ತದೆ ಎಂದು ನನಗೆ ತೋರುತ್ತದೆ.

ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗುಣಕ್ಕೆ ‘ರಸಭರಿತ’ ಎಂಬುದನ್ನು ಕೈಬಿಟ್ಟಿದ್ದೇನೆ, ಅದು ಕಿತ್ತಳೆಗೇ ಇರಲಿ. ‘ಬರ ನಿರೋಧಕ’ವೂ ಬೇಡ, ಗಿಡ ಬರವನ್ನು ತಡೆಯುವುದಿಲ್ಲ, ತಾಳಿಕೊಳ್ಳುತ್ತದೆ.

‘ಹೂಗೋಣಿ’, ‘ನೆಲಹಬ್ಬು’ ಇವೆರಡೂ ಅಥವಾ ಇವನ್ನು ಹೋಲುವ ಪದಗಳು ನಿಮ್ಮ ಕಡೆಯ ಮಾತಿನಲ್ಲಿ ಈಗಾಗಲೇ ಇವೆಯೇ? ಇದ್ದರೆ ಯಾವ ಸೀಮೆಯಲ್ಲಿ, ಯಾವ ಗಿಡಕ್ಕೆ ಬಳಸುತ್ತಾರೆ ಎಂಬುದನ್ನೂ ದಯವಿಟ್ಟು ತಿಳಿಸಬೇಕು.