ಸಹಾಯ ಬೇಕು: ಬೈಪಾಸ್ ಮಾಡಿದ ಇಂಟರ್‌ಲಾಕ್‌ಗಳ ಲೆಕ್ಕ ಹೇಗೆ ಇಡುತ್ತೀರಿ?

ಎಲ್ಲರಿಗೂ ನಮಸ್ಕಾರ. ನಾನು ಒಂದು ಕೆಮಿಕಲ್ ಪ್ಲಾಂಟ್‌ನಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ನೋಡಿಕೊಳ್ಳುತ್ತೇನೆ. ಅಪಾಯ ಬಂದಾಗ ಯಂತ್ರವನ್ನು ತಾನಾಗಿ ನಿಲ್ಲಿಸುವ ಏರ್ಪಾಡು ಇಂಟರ್‌ಲಾಕ್; ರಿಪೇರಿಯಂಥ ಕೆಲಸಕ್ಕೆ ಅದನ್ನು ತಾತ್ಕಾಲಿಕವಾಗಿ ತಡೆದಿಡುವುದು ಬೈಪಾಸ್. ಹೋದ ವಾರ ಒಂದು ಟ್ಯಾಂಕಿನ ಹೈ ಲೆವೆಲ್ ಟ್ರಿಪ್ (ಮಟ್ಟ ಮೀರಿದರೆ ಪಂಪ್ ನಿಲ್ಲಿಸುವ ಇಂಟರ್‌ಲಾಕ್) ಇನ್ನೂ ಬೈಪಾಸ್‌ನಲ್ಲೇ ಇರುವುದು ಕಣ್ಣಿಗೆ ಬಿತ್ತು. ಮಟ್ಟ ಅಳೆಯುವ ಟ್ರಾನ್ಸ್‌ಮಿಟರ್ ರಿಪೇರಿಗೆ ಅಂತ ಹಾಕಿದ್ದು. ರಿಪೇರಿ ಮುಗಿದು ಒಂಬತ್ತು ದಿನ ಆಗಿತ್ತು! ಅಷ್ಟು ದಿನವೂ ಟ್ಯಾಂಕ್ ತುಂಬಿ ಬಂದಿದ್ದರೆ ಪಂಪ್ ತಾನಾಗಿ ನಿಲ್ಲುತ್ತಿರಲಿಲ್ಲ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಬೈಪಾಸ್ ಬರೆದಿಡುವ ರಿಜಿಸ್ಟರ್ ಇದೆ, ಸಹಿಯೂ ಇದೆ. ಆದರೆ ಪಾಳಿ ಬದಲಾಗುವಾಗ ಯಾರೂ ಅದನ್ನು ತೆರೆದು ನೋಡುವುದಿಲ್ಲ. 1988ರಲ್ಲಿ ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯ ದುರಂತದಲ್ಲಿ 167 ಜನ ಸತ್ತರಲ್ವಾ? ಅಲ್ಲೂ ಪಂಪಿನ ಸೇಫ್ಟಿ ವಾಲ್ವ್ ಬಿಚ್ಚಿದ್ದ ವಿಷಯ ರಾತ್ರಿ ಪಾಳಿಯವರಿಗೆ ತಲುಪಿರಲಿಲ್ಲ.

ನಿಮ್ಮಲ್ಲಿ ಬೈಪಾಸ್‌ಗೆ ಗಡುವು ಹಾಕುತ್ತೀರಾ? ಗಡುವು ಮೀರಿದರೆ ಕಂಟ್ರೋಲ್ ರೂಮಿನಲ್ಲಿ ಅಲಾರಂ ಬರುತ್ತದಾ? ಟೈಮರ್ ಮುಗಿದ ಕೂಡಲೇ ಬೈಪಾಸ್ ತಾನಾಗಿ ಹೋಗುವಂತೆ ಮಾಡಲು ನನಗೆ ಧೈರ್ಯ ಇಲ್ಲ. ಕೆಲಸ ಅರ್ಧದಲ್ಲಿದ್ದರೆ ಪ್ಲಾಂಟ್ ಸುಮ್ನೆ ಟ್ರಿಪ್ ಆಗಿ ನಿಂತುಬಿಡುತ್ತದೆ.

ಇನ್ನೊಂದು ವಿಷಯ. ಬೈಪಾಸ್ ಇರುವಷ್ಟು ಹೊತ್ತು ಬದಲಿ ಕಾವಲು ಬೇಕು ಎಂದು ಇಂಥ ಸುರಕ್ಷತಾ ವ್ಯವಸ್ಥೆಗಳ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 61511 ಹೇಳುತ್ತದೆ. ಗೇಜ್ ನೋಡಲು ಒಬ್ಬರನ್ನು ನಿಲ್ಲಿಸಿದರೆ ಸಾಕೇ? ನಿಮ್ಮ ಪಾಳಿ ಹಸ್ತಾಂತರದ ಫಾರ್ಮ್ ಹೇಗಿದೆ ಎಂದು ದಯವಿಟ್ಟು ತಿಳಿಸಿ.